ಸತ್ತವರ ಹಾಡು ಅರ್ಜೆಂಟು

ನಮ್ಮತ್ತೆಗೆ ಬದುಕಿರುವವರ ಹಾಡು ಹಿಡಿಸುವುದಿಲ್ಲ!

ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ನಮ್ಮಣ್ಣನ ಮದುವೆಯ ಆರತಕ್ಷತೆಗೆ ಆರ್ಕೆಸ್ಟ್ರಾ ಕರೆಸಿದ್ದರು. ಕೋಟು ಹಾಕಿಕೊಂಡ ಗಾಯಕರು ಮೈಕು ಹಿಡಿದು ಮೊದಲ ಹಾಡು ಎತ್ತಿಕೊಳ್ಳುತ್ತಿದ್ದಂತೆಯೇ ಅತ್ತೆ ಮುಂದಿನ ಸಾಲಿನ ಕುರ್ಚಿಯಿಂದ ಎದ್ದು, ಸೆರಗು ಕೊಡವಿ, ಸೀದಾ ಊಟದ ಹಾಲಿಗೆ ನಡೆದುಬಿಟ್ಟರು. ನಾನು ಹಿಂದೆಯೇ ಓಡಿದೆ.

"ಯಾಕತ್ತೆ, ಚೆನ್ನಾಗೇ ಹಾಡ್ತಾವ್ರಲ್ಲ?"

"ಹಾಡ್ಲಿ ಬುಡು. ಅವ್ರು ಬದುಕವ್ರೆ. ಇವತ್ತಲ್ದಿದ್ರೆ ನಾಳೆ ಕೇಳ್ಬೋದು. ಸತ್ತೋರ್ದು ಅರ್ಜೆಂಟು ಕಣೇ!"

ಹಾಗೆಂದು ಸತ್ತವರೆಲ್ಲರ ಹಾಡೂ ಅತ್ತೆಗೆ ಆಗುತ್ತಿತ್ತೆಂದು ತಿಳಿಯಬೇಡಿ. ಸುಮ್ಮನೆ ಸತ್ತರೆ ಸಾಲದು. ಸತ್ತು ನಲವತ್ತು ವರ್ಷವಾದರೂ ಆಗಿರಬೇಕು. ಅವರ ಹೆಸರು ಊರಿನಲ್ಲಿ ಒಂದು ನರಪಿಳ್ಳೆಗೂ ನೆನಪಿರಬಾರದು. ರೇಡಿಯೋದವರೂ ಮರೆತಿರಬೇಕು. ಇಷ್ಟು ಅರ್ಹತೆಗಳಿದ್ದವರಿಗೆ ಮಾತ್ರ ಬಟವಾಡಿಯ ಅತ್ತೆ ಮನೆಯ ನಡುಮನೆಯಲ್ಲಿ ಹಾಡಲು ಪ್ರವೇಶ!

ಅತ್ತೆ ನಮ್ಮಪ್ಪನ ಒಬ್ಬಳೇ ತಂಗಿ. ಆರೋಗ್ಯ ಇಲಾಖೆಯಲ್ಲಿ ಕೆಲಸ. ಗುಬ್ಬಿ ತಾಲ್ಲೂಕಿನ ಹಳ್ಳಿ ಹಳ್ಳಿ ತಿರುಗಿ ಬಸುರಿಯರನ್ನು ನೋಡುವುದು, ಕೂಸುಗಳಿಗೆ ಚುಚ್ಚುವುದು, ಪೋಲಿಯೋ ಹನಿ ಹಾಕುವುದು. ಊರವರಿಗೆಲ್ಲ ಅವರು 'ನರ್ಸಮ್ಮ'. ಮಾವ ಸರ್ಕಾರಿ ಬಸ್ಸಿನ ಕಂಡಕ್ಟರು, ತುಮಕೂರು–ಕುಣಿಗಲ್ ರೂಟು. ದಿನವಿಡೀ ಸಿಳ್ಳೆ ಊದಿ, ರೈಟ್ ರೈಟ್ ಎಂದು ಕೂಗಿ ಬಂದ ಮನುಷ್ಯನಿಗೆ ಮನೆಯಲ್ಲಿ ಬೇಕಾಗಿದ್ದದ್ದು ಒಂದೇ: ಸದ್ದಿಲ್ಲದ ಒಂದು ಲೋಟ ಕಾಫಿ. ಪಾಪ, ಅದೊಂದು ಮಾತ್ರ ಅವರ ಹಣೆಯಲ್ಲಿ ಬರೆದಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಬಿ.ಕಾಂ. ಓದಲು ಗುಬ್ಬಿಯಿಂದ ಬಂದು ಇವರಿಬ್ಬರ ಮನೆ ಸೇರಿಕೊಂಡೆ. ಆ ಮೂರು ವರ್ಷದಲ್ಲಿ ಕಾಮರ್ಸು ಎಷ್ಟು ಕಲಿತೆನೋ ಗೊತ್ತಿಲ್ಲ, ಗ್ರಾಮಫೋನಿಗೆ ಕೀ ಕೊಡುವುದನ್ನು ಮಾತ್ರ ಚೆನ್ನಾಗಿ ಕಲಿತೆ.

ಈ ಹುಚ್ಚು ಶುರುವಾದದ್ದು ಒಂದು ರಾಗಿ ಮಡಕೆಯಿಂದ. ಯಾವುದೋ ಹಳ್ಳಿಯಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿ ಕೈ ತೊಳೆಯಲು ಅಡುಗೆಮನೆಗೆ ಹೋದ ಅತ್ತೆಗೆ ಮಡಕೆಯ ಮೇಲೆ ಮುಚ್ಚಿದ್ದ ಕರಿ ತಟ್ಟೆ ಕಂಡಿತು. ನಡುವೆ ಒಂದು ತೂತು. ಆ ತೂತಿಗೆ ಬಟ್ಟೆ ತುರುಕಿದ್ದರು.

"ಇದೇನವ್ವ ಇದು?"

"ಅದಾ? ನಮ್ ಅತ್ತೆ ಮಾವನ್ ಕಾಲದ್ದು. ಹಾಡೋ ಪ್ಲೇಟಂತೆ. ಈಗ ಇಲಿ ಹೋಗ್ದಂಗೆ ಮುಚ್ಚಿಕ್ಕಿದೀವಿ."

ಗ್ರಾಮಫೋನ್ ಪ್ಲೇಟು! ಅರಗಿನಿಂದ ಮಾಡಿದ್ದು. ಒಂದೊಂದು ಬದಿಗೆ ಮೂರು ಮೂರೂವರೆ ನಿಮಿಷದ ಒಂದೊಂದು ಹಾಡು, ಬಿದ್ದರೆ ಹಪ್ಪಳ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಕೂದಲೆಳೆಯಂಥ ಗೆರೆಗಳು ಸುತ್ತಿ ಸುತ್ತಿ ಹೋಗಿದ್ದವು. "ಇಷ್ಟ್ ಸಣ್ಣ ಗೆರೇಲಿ ಒಬ್ಬ ಮನ್ಸ ಉಸಿರ್ ಹಿಡ್ಕೊಂಡ್ ಕುಂತವ್ನಲ್ಲೇ, ನಾವು ಅವನ್ನ ಇಲಿ ಕಾಯಕ್ಕಿಟ್ಟಿದೀವಲ್ಲ!" ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡಿದ್ದರು. ಮಾರನೆಯ ವಾರ ಒಂದು ಹೊಸ ಸ್ಟೀಲ್ ತಟ್ಟೆ ಕೊಂಡು ಹೋಗಿ ಕೊಟ್ಟು ಕರಿ ತಟ್ಟೆ ತಂದರು.

ಅಲ್ಲಿಂದ ಶುರುವಾಯಿತು ನೋಡಿ! ಅತ್ತೆಯ ಬ್ಯಾಗಿನಲ್ಲಿ ಸಿರಿಂಜಿನ ಜೊತೆಗೆ ಸದಾ ನಾಲ್ಕು ಸ್ಟೀಲ್ ತಟ್ಟೆ. ಯಾವ ಮನೆ ಹೊಕ್ಕರೂ ಎರಡೇ ಪ್ರಶ್ನೆ: "ಮನೇಲಿ ಐದು ವರ್ಷದೊಳಗಿನ ಮಕ್ಕಳೆಷ್ಟು? ಅಟ್ಟದ ಮೇಲೆ ಪ್ಲೇಟೆಷ್ಟು?" ಸುದ್ದಿ ಹಬ್ಬಲು ಎಷ್ಟು ಹೊತ್ತು? ಕರಿ ತಟ್ಟೆ ಕೊಟ್ಟರೆ ಸರ್ಕಾರ ಸ್ಟೀಲ್ ತಟ್ಟೆ ಕೊಡುತ್ತಂತೆ ಎಂದು ಹಳ್ಳಿಯಿಂದ ಹಳ್ಳಿಗೆ ಗುಲ್ಲಾಯಿತು. ಒಂದು ದಿನ ಆಸ್ಪತ್ರೆ ಬಾಗಿಲಿಗೆ ಹೆಂಗಸರ ಸಾಲೇ ಬಂದು ನಿಂತಿತಂತೆ. ಒಬ್ಬಳ ಕೈಲಿ ರೊಟ್ಟಿ ಹಂಚು, ಇನ್ನೊಬ್ಬಳ ಕೈಲಿ ಮಸಿ ಹಿಡಿದ ದೋಸೆ ಕಾವಲಿ. "ಕರಿದೇ ಅಲ್ವಾ ನರ್ಸಮ್ಮ, ತಗಳ್ಳಿ ಮತ್ತೆ!" ಡಾಕ್ಟರು ಅತ್ತೆಯನ್ನು ಒಳಗೆ ಕರೆದು, "ಏನಮ್ಮಾ, ಈ ಸ್ಕೀಮು ಯಾವಾಗ ಬಂತು? ನಂಗಿನ್ನೂ ಸರ್ಕ್ಯುಲರ್ರೇ ಬಂದಿಲ್ವಲ್ಲ?" ಎಂದರಂತೆ.

ಪ್ಲೇಟು ಬಂತು, ಸರಿ. ಹಾಡಿಸುವುದು ಯಾವುದರಲ್ಲಿ? ಗುಬ್ಬಿಯ ಒಬ್ಬರ ಅಟ್ಟದಿಂದ ಒಂದು ಕೀ ಕೊಡುವ ಪೆಟ್ಟಿಗೆಯೂ ಬಂತು. ಆದರೆ ಅದು ಅಲುಗಾಡದು. ತುಮಕೂರಿನಲ್ಲಿ ಗ್ರಾಮಫೋನ್ ರಿಪೇರಿ ಮಾಡುವವರು ಯಾವ ಕಾಲದಲ್ಲೋ ತೀರಿಕೊಂಡಿದ್ದರು. ಕೊನೆಗೆ ಅತ್ತೆ ಅದನ್ನು ಆಟೋದಲ್ಲಿಟ್ಟುಕೊಂಡು ಹೋದದ್ದು ಸೀಮೆಎಣ್ಣೆ ಸ್ಟೌ ರಿಪೇರಿ ಮಾಡುವ ಸಾಬರ ಅಂಗಡಿಗೆ. ಬಿಳಿ ಗಡ್ಡದ ಸಾಬರು ಸ್ಟೌ ಬಿಟ್ಟರೆ ಹೊಲಿಗೆ ಮಿಷನ್ನು, ಅದು ಬಿಟ್ಟರೆ ಬೀಗ ರಿಪೇರಿ ಮಾಡುತ್ತಿದ್ದವರು. ಪೆಟ್ಟಿಗೆ ಬಿಚ್ಚಿ, ಕನ್ನಡಕ ಒರೆಸಿ, ಬಹಳ ಹೊತ್ತು ನೋಡಿದರು.

"ನರ್ಸಮ್ಮಾ, ಇದ್ರ ಸ್ಪ್ರಿಂಗು ಮಿಷನ್ದೂ ಅಲ್ಲ, ಗಡಿಯಾರದ್ದೂ ಅಲ್ಲ. ಯಾವ ಪುಣ್ಯಾತ್ಮ ಮಾಡಿದ್ನೋ. ಆದ್ರೂ ಬಿಟ್ಟೋಗಿ, ನೋಡಣ."

ಹದಿನೈದು ದಿನವಾದ ಮೇಲೆ ನೋಡಲು ಹೋದರೆ, ಅಂಗಡಿ ಮುಂದೆ ಜನವೋ ಜನ. ಅತ್ತೆ ಜೊತೆಗೆ ಕೊಟ್ಟಿದ್ದ ಪ್ಲೇಟು ಪೆಟ್ಟಿಗೆಯಲ್ಲಿ ಹಾಡುತ್ತಿತ್ತು. ರಿಪೇರಿಗೆಂದು ಬಂದ ಸ್ಟೌಗಳೆಲ್ಲ ಒಂದು ಮೂಲೆಯಲ್ಲಿ ಅನಾಥವಾಗಿದ್ದವು. ಸಾಬರು ಕಣ್ಣು ಮುಚ್ಚಿ ತಲೆದೂಗುತ್ತ ಕೂತಿದ್ದರು. ಅತ್ತೆಯನ್ನು ಕಂಡವರೇ, "ರಿಪೇರಿ ಆಗೋಗಿ ಒಂದ್ವಾರ ಆಯ್ತು ನರ್ಸಮ್ಮ, ಕೊಡಕ್ಕೆ ಮನಸ್ಸೇ ಬರ್ಲಿಲ್ಲ" ಅಂದರು. ಅತ್ತೆಗೆ ತಮ್ಮ ಜಾತಿಯ ಇನ್ನೊಂದು ಪ್ರಾಣಿ ಸಿಕ್ಕಂತಾಯಿತು.

ಸೂಜಿಯದ್ದು ಮಾತ್ರ ದೊಡ್ಡ ಪ್ರಾರಬ್ಧ. ಗ್ರಾಮಫೋನಿನ ಉಕ್ಕಿನ ಸೂಜಿ ಒಂದೆರಡು ಹಾಡಿಗೇ ಮೊಂಡಾಗುತ್ತದೆ, ಹೊಸದು ಸಿಗುವುದಿಲ್ಲ. ಮಾವ ಒಂದು ಸಲ ಹಾಸ್ಯಕ್ಕೆ, "ನಿನ್ ಹತ್ರ ಅಷ್ಟೊಂದು ಇಂಜೆಕ್ಷನ್ ಸೂಜಿ ಅವಲ್ಲ, ಒಂದ್ ಹಾಕು" ಅಂದರು. ಅತ್ತೆ ಹಾಸ್ಯ ಎಂದು ತಿಳಿಯದೆ ಎರಡು ದಿನ ಆ ಬಗ್ಗೆ ಯೋಚಿಸಿದರು! ಆಮೇಲೆ ಸಾಬರು ಹೇಳಿಕೊಟ್ಟ ಉಪಾಯದಿಂದ ಜಾಲಿ ಮುಳ್ಳು ಸಿಕ್ಕಿಸಿ ನೋಡಿದರು. ಹಾಡಿತು! ಸ್ವಲ್ಪ ಮೆತ್ತಗೆ, ಆದರೆ ಹಾಡಿತು. ನಮ್ಮ ಸೀಮೆಯಲ್ಲಿ ಏನಿಲ್ಲದಿದ್ದರೂ ಜಾಲಿ ಮುಳ್ಳಿಗೆ ಬರವುಂಟೆ? ಡ್ಯೂಟಿ ಮುಗಿಸಿ ಬರುವಾಗ ಅತ್ತೆ ಖಾಲಿ ಮಾತ್ರೆ ಡಬ್ಬಿ ತುಂಬ ಒಳ್ಳೊಳ್ಳೆಯ ಮುಳ್ಳು ಆರಿಸಿಕೊಂಡು ಬರುತ್ತಿದ್ದರು. ಮಾವ ಒಂದು ದಿನ ತಲೆನೋವೆಂದು ಆ ಡಬ್ಬಿಗೆ ಕೈ ಹಾಕಿದ ಕಥೆ ಬೇರೆ.

ನಮ್ಮಪ್ಪ ಪ್ಲೇಟಿನ ಮೇಲೆ ಕೂತದ್ದನ್ನು ಹೇಳದಿದ್ದರೆ ಪಾಪ ಬರುತ್ತದೆ. ಅಪ್ಪ ಗುಬ್ಬಿಯಲ್ಲಿ ಮೇಷ್ಟ್ರು. ಯಾವುದೋ ಕೆಲಸಕ್ಕೆ ತುಮಕೂರಿಗೆ ಬಂದವರು, ಅತ್ತೆ ಮನೆಯ ಕುರ್ಚಿ ಕಂಡು ಕೂತರು. ಕುರ್ಚಿಯ ಮೇಲೆ ಟವೆಲಿತ್ತು. ಟವೆಲಿನ ಕೆಳಗೆ ಹಾರ್ಮೋನಿಯಂ ಮೇಷ್ಟ್ರೊಬ್ಬರ ಕಲ್ಯಾಣಿ ರಾಗವಿತ್ತು. 'ಲಟಕ್' ಎಂದಿತು. ಅಡುಗೆಮನೆಯಿಂದ ಓಡಿ ಬಂದ ಅತ್ತೆ, "ಅಯ್ಯೋ, ಏನಾಯ್ತು, ಪೆಟ್ಟಾಯ್ತಾ?" ಎಂದರು. ಅಪ್ಪ ಪಂಚೆ ಹಿಡಿದುಕೊಂಡು, "ಚೂರು ತರಚಿತು ಅಷ್ಟೇ ಕಣಮ್ಮ" ಎಂದರು. "ನಿನ್ನ ಯಾರ್ ಕೇಳಿದ್ರಣ್ಣ! ಎದ್ದೇಳು ಮೊದ್ಲು!" ಚೂರುಗಳನ್ನೆಲ್ಲ ಆರಿಸಿ, ಜೋಡಿಸಿ, ಅಂಟು ಹಾಕಿ ಒಣಗಲಿಟ್ಟ ಮೇಲೆಯೇ ಅತ್ತೆ ಅಪ್ಪನಿಗೆ ಟಿ.ಟಿ. ಇಂಜೆಕ್ಷನ್ ಕೊಟ್ಟದ್ದು. ಅವತ್ತು ಆ ಕೈ ಎಂದಿನಷ್ಟು ಹಗುರವಾಗಿರಲಿಲ್ಲ ಎಂದು ಅಪ್ಪ ಈಗಲೂ ಹೇಳುತ್ತಾರೆ.

ನನ್ನ ಮದುವೆಯೂ ಈ ಪೆಟ್ಟಿಗೆಯಿಂದಲೇ ಆಯಿತು ಎಂದರೆ ನಗಬೇಡಿ. ಗಂಡಿನ ಕಡೆಯವರು ನನ್ನನ್ನು ನೋಡಲು ಬಟವಾಡಿಯ ಮನೆಗೇ ಬಂದಿದ್ದರು. ಉಪ್ಪಿಟ್ಟು ಕೇಸರಿಬಾತು ಮುಗಿಯಿತು. ಹುಡುಗನ ತಾಯಿ ಬಾಯಿ ಒರೆಸಿಕೊಂಡು, "ಹುಡುಗಿಗೆ ಹಾಡು ಬರುತ್ತಾ?" ಎಂದರು. ನಾನು ಹೆದರಿ ದೇವರನಾಮ ನೆನಪಿಸಿಕೊಳ್ಳುತ್ತಿದ್ದೆ. ಅತ್ತೆ ನಡುವೆ ಬಾಯಿ ಹಾಕಿದರು.

"ನಮ್ ಹುಡ್ಗಿ ಹಾಡ್ಬೋದು, ಆದ್ರೆ ಇನ್ನೂ ಬದುಕವ್ಳೆ. ಏನ್ ಪ್ರಯೋಜನ? ಅದಿರ್ಲಿ, ನಿಮ್ ಹುಡುಗಂಗೆ ಕೀ ಕೊಡಕ್ಕೆ ಬರುತ್ತಾ?"

ಬಂದವರು ಮುಖ ಮುಖ ನೋಡಿಕೊಂಡರು. ಹುಡುಗ ಪಾಪ, ಪರೀಕ್ಷೆಯೆಂದೇ ತಿಳಿದು ತೋಳು ಮಡಿಸಿ ಎದ್ದ. ಒಂದು ಸುತ್ತು, ಎರಡು ಸುತ್ತು, ಇಪ್ಪತ್ತು ಸುತ್ತು. ಸಾಕು ಎನ್ನುವಷ್ಟರಲ್ಲಿ 'ಠಣ್!' ಸ್ಪ್ರಿಂಗು ಹರಿಯಿತು. ಅತ್ತೆ ಅಲ್ಲೇ ಎದ್ದು ನಿಂತು, "ಈ ಸಂಬಂಧ ಬ್ಯಾಡ" ಅಂದುಬಿಟ್ಟರು. ನನಗೆ ಒಳಗೊಳಗೇ ಅಳು. ಹುಡುಗ ಚೆನ್ನಾಗಿದ್ದ ಕಣ್ರೀ! ಆದರೆ ಮಾರನೆಯ ದಿನ ಬೆಳಗ್ಗೆ ಆ ಹುಡುಗ ಒಬ್ಬನೇ ಬಂದ. ಅತ್ತೆಯ ಮುಖ ನೋಡದೆ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸಾಬರ ಅಂಗಡಿಗೆ ಹೋದ. ಮೂರು ದಿನ ಅವರ ಪಕ್ಕದಲ್ಲಿ ಕೂತು ಸ್ಪ್ರಿಂಗು ಬೆಸೆಯುವುದನ್ನು ಕಲಿತು, ತಾನೇ ಹಾಕಿ, ತಂದಿಟ್ಟ. ಹಾಡಿಸಿ ನೋಡಿದ ಅತ್ತೆ ಅಪ್ಪನಿಗೆ ಹೇಳಿ ಕಳಿಸಿದರು: "ಅಣ್ಣ, ಮುರಿಯೋರು ಊರ್ ತುಂಬ ಅವ್ರೆ. ಮುರಿದದ್ದನ್ನ ಕೂಡ್ಸೋನು ಇವನೊಬ್ನೇ. ಮುಹೂರ್ತ ನೋಡು."

ಇಷ್ಟೆಲ್ಲ ಇದ್ದರೂ ಅತ್ತೆಯ ನಿದ್ದೆ ಕೆಡಿಸಿದ್ದು ಒಂದೇ ಒಂದು ಪ್ಲೇಟು. ಅದು ಸಿಕ್ಕಿದ್ದು ಗುಬ್ಬಿ ಹತ್ತಿರದ ಒಂದು ಹಳ್ಳಿಯಲ್ಲಿ. ಯಾರೋ ಪುಣ್ಯವಂತರು ಅದರ ನಡುವಿನ ಚೀಟಿಯ ಮೇಲೆ ಲಕ್ಷ್ಮಿಯ ಪಟ ಅಂಟಿಸಿ ಗೋಡೆಗೆ ತೂಗುಹಾಕಿ ಪೂಜೆ ಮಾಡುತ್ತಿದ್ದರು. ಪಟ ಕಿತ್ತರೆ ಚೀಟಿಯೂ ಜೊತೆಗೇ ಬಂತು. ಯಾರ ಹಾಡು, ಯಾವ ಹಾಡು, ಒಂದೂ ತಿಳಿಯದು. ಹಾಕಿದರೆ, ಅಬ್ಬಾ! ಸತ್ಯಭಾಮೆ ಕೃಷ್ಣನನ್ನು ಬಯ್ಯುವ ನಾಟಕದ ಹಾಡು. ಮೂರು ನಿಮಿಷ ಆ ಹೆಂಗಸು ಕೃಷ್ಣನನ್ನು ತರಾಟೆಗೆ ತೆಗೆದುಕೊಂಡ ರೀತಿಗೆ ಮಾವ ತಮಗರಿವಿಲ್ಲದೆ ಕುರ್ಚಿಯಿಂದ ಎದ್ದು ನಿಂತಿದ್ದರು. ಎಂಥ ಗಂಟಲು! ಎಂಥ ಏರು!

ಆ ಕಾಲದಲ್ಲಿ ಮೈಕಿರಲಿಲ್ಲ. ದೊಡ್ಡ ಕೊಳವೆಯೊಳಗೆ ಮುಖವಿಟ್ಟು ಎದೆ ಬಿರಿಯುವ ಹಾಗೆ ಹಾಡಬೇಕಿತ್ತು. ಅಚ್ಚು ಹಡಗು ಹತ್ತಿ ವಿದೇಶಕ್ಕೆ ಹೋಗಿ ಪ್ಲೇಟಾಗಿ ಬರುತ್ತಿತ್ತಂತೆ. ಅಲ್ಲಿಯವರಿಗೆ ಕನ್ನಡ ತಿಳಿಯದಲ್ಲ, ಯಾರ ಹಾಡೆಂದು ಗುರುತಿಗೆ ಕೊನೆಯಲ್ಲಿ ಹಾಡಿದವರೇ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಇವಳೂ ಹೇಳಿದ್ದಳು. ಆದರೆ ಸರಿಯಾಗಿ ಅಲ್ಲೇ ಪ್ಲೇಟು ಸೀಳಿತ್ತು!

"ನಾನು ಕುಣಿಗಲ್ ಚ... ಟಕ್... ಮ್ಮ."

ಇಷ್ಟೇ. ಕುಣಿಗಲ್ಲಿನಲ್ಲಿ 'ಮ್ಮ' ಎಂದು ಕೊನೆಯಾಗದ ಹಳೆಯ ಕಾಲದ ಹೆಂಗಸಾದರೂ ಯಾರಿದ್ದಾರೆ, ಹೇಳಿ! ಚಿಕ್ಕಮ್ಮ, ಚೌಡಮ್ಮ, ಚೆಲುವಮ್ಮ, ಚಂದ್ರಮ್ಮ... ಅತ್ತೆ ಒಂದು ಹಾಳೆ ತುಂಬ ಬರೆದುಕೊಂಡರು. ಅದರ ಮೇಲೆ ಇನ್ನೊಂದು ಸಂಕಟ. ಒಂದೊಂದು ಸಲ ಹಾಕಿದಾಗಲೂ ಮುಳ್ಳು ಗೆರೆಯನ್ನು ಚೂರು ಚೂರೇ ತಿನ್ನುತ್ತಿತ್ತು. ಸೀಳು ಅಗಲವಾಗುತ್ತಿತ್ತು. ವಾರಕ್ಕೆ ಒಂದೇ ಸಲ, ಅದೂ ಭಾನುವಾರ, ಎಂದು ಅತ್ತೆ ರೇಷನ್ ಮಾಡಿದರು. "ಅವ್ಳು ಪೂರಾ ಅಳಿಸೋಗೋಕ್ ಮುಂಚೆ ಯಾರೂಂತ ಗೊತ್ತಾಗ್ಬೇಕು ಕಣೇ. ಹೆಸರೇ ಇಲ್ದೆ ಹೋಗ್ಬಾರ್ದು." ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡೋಣ ಎಂದು ನಾನು ಐಡಿಯಾ ಕೊಟ್ಟೆ. ಹಿಡಿದೆವು. ಕೇಳಿದರೆ, ಸತ್ಯಭಾಮೆಯ ಕೋಪ ನೆತ್ತಿಗೇರಿದ ಕಡೆ ಕುಕ್ಕರ್ ಎರಡು ವಿಷಲ್ ಹಾಕಿದೆ, ಆಮೇಲೆ ಮಾವನ ಧ್ವನಿ, "ಕಾಫಿ ಆಯ್ತೇನೇ?" ಮತ್ತೆ ಹಿಡಿಯೋಣವೆಂದರೆ ಅತ್ತೆ ಒಪ್ಪಲಿಲ್ಲ. ಪ್ಲೇಟು ಸವೆಯುತ್ತದಲ್ಲ!

ಹುಡುಕಾಟ ನಾಲ್ಕೈದು ವರ್ಷ ನಡೆಯಿತು. ಮಾವನಿಗೆ ಬಸ್ಸಿನಲ್ಲೇ ಡ್ಯೂಟಿ ಬಿತ್ತು. ಕುಣಿಗಲ್ಲಿಗೆ ಟಿಕೆಟ್ ಕೇಳಿದ ಮುದುಕ ಮುದುಕಿಯರನ್ನೆಲ್ಲ, "ಚಿಲ್ರೆ ಕೊಡಿ, ಹಿಂದೆ ನಿಮ್ಮೂರಲ್ಲಿ ನಾಟಕದಲ್ಲಿ ಹಾಡ್ತಿದ್ದೋರು ಯಾರಾದ್ರೂ ಗೊತ್ತಾ, ಮುಂದ್ ನಡೀರಿ" ಎಂದು ಒಂದೇ ಉಸಿರಿನಲ್ಲಿ ಕೇಳಬೇಕಾಗಿತ್ತು. ರಜೆಯ ದಿನ ಅತ್ತೆ ನನ್ನನ್ನು ಎಳೆದುಕೊಂಡು ಕುಣಿಗಲ್ಲಿನ ಬೀದಿ ಬೀದಿ ಸುತ್ತಿದರು. ಒಂದು ಮನೆಯ ಯಜಮಾನರು, "ನಾಟಕದೋಳಾ? ನಮ್ದು ಮರ್ಯಾದಸ್ತರ ಮನೆ ಕಣಮ್ಮ, ಎದ್ದೋಗಿ!" ಎಂದು ಬಾಗಿಲು ಹಾಕಿಕೊಂಡರು. ಮುಂದಿನ ಬೀದಿಯಲ್ಲಿ ಅದಕ್ಕೆ ತದ್ವಿರುದ್ಧ.

"ನಾನೇ ಕಣವ್ವ ಆ ಹಾಡ್ ಹಾಡ್ದೋಳು! ಬರ್ಕೊಳ್ಳಿ, ಚೌಡಮ್ಮ ಅಂತ" ಎಂದು ಒಬ್ಬ ಅಜ್ಜಿ ಕೈ ಹಿಡಿದುಕೊಂಡಿತು. ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿ, "ಅಜ್ಜಿ, ಪ್ಲೇಟಿಗೆ ಎಂಬತ್ ವರ್ಷ. ನಿಮಗೆ ಅರವತ್ತೈದು. ಹುಟ್ಟೋಕ್ ಮುಂಚೆ ಹಾಡಿದ್ರಾ?" ಎಂದರು.

"ಪೆನ್ಷನ್ ಬರೋದಾದ್ರೆ ಹಾಡಿದ್ದೆ ಅಂತ್ಲೇ ಬರ್ಕೊಳವ್ವ!"

ಮನುಷ್ಯರ ಕೈಲಾಗದ್ದನ್ನು ದೇವರಿಗೆ ಒಪ್ಪಿಸುವುದೆಂದು ತೀರ್ಮಾನಿಸಿ ಅತ್ತೆ ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತರು. ಹಾಡುಗಾರ್ತಿಯ ಗುರುತು ಸಿಕ್ಕಿದರೆ ಮಾವ ತುಮಕೂರಿನಿಂದ ಯಡಿಯೂರಿಗೆ ನಡೆದುಕೊಂಡು ಬರುತ್ತಾರೆಂದು! ಮಾವ ಪ್ರಸಾದ ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿದರು. "ಹರಕೆ ನಿಂದು, ಕಾಲು ನಂದಾ?" "ನಿಮಗೆ ಈ ರೂಟು ಚೆನ್ನಾಗ್ ಗೊತ್ತಲ್ರೀ" ಎಂದರು ಅತ್ತೆ. ಮಾವ ಮತ್ತೆ ಒಳಗೆ ಹೋಗಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ಆ ಹಾಡುಗಾರ್ತಿ ಸಿಗದಿರಲಿ ಎಂದೇ ಬೇಡಿಕೊಂಡಿರಬೇಕು!

ಅಷ್ಟರಲ್ಲಿ ನನ್ನ ಮದುವೆಯಾಗಿತ್ತು. ಅತ್ತೆಗೆ ರಿಟೈರಾಗಲು ಒಂದು ವರ್ಷವಿದೆ ಎನ್ನುವಾಗ ತುಮಕೂರು ನಗರಕ್ಕೇ ವರ್ಗವಾಯಿತು. ಪೋಲಿಯೋ ಹನಿ ಹಾಕುವಾಗ ಭಾನುವಾರ ಬೂತು, ಸೋಮವಾರದಿಂದ ಮನೆ ಮನೆ ಭೇಟಿ. ಆ ಸೋಮವಾರ ಅತ್ತೆಯ ಪಾಲಿಗೆ ಬಂದದ್ದು ಶೆಟ್ಟಿಹಳ್ಳಿ. ಬಟವಾಡಿಯಿಂದ ಸಿಟಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಅಲ್ಲಿ ಒಂದು ಮನೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಬಾಗಿಲಲ್ಲಿ ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದರು. "ಐದು ವರ್ಷದೊಳಗೆ ಯಾರಿಲ್ಲ ಕಣವ್ವ, ಮೊಮ್ಮಗ ಕಾಲೇಜು" ಅಂದರು. ಅತ್ತೆ ಬಳಪ ತೆಗೆದು ಗೋಡೆಯ ಮೇಲೆ ಗುರುತು ಹಾಕುತ್ತ, ಹಿಂದಿನ ದಿನ ಕೇಳಿದ್ದ ಸತ್ಯಭಾಮೆಯನ್ನು ಸುಮ್ಮನೆ ಗುನುಗಿಕೊಂಡರು. ಮೊದಲ ಸಾಲು ಗುನುಗಿ, ಗುರುತು ಮುಗಿಸಲು ಉಸಿರು ಬಿಟ್ಟರು.

ಹಿಂದಿನಿಂದ ಎರಡನೆಯ ಸಾಲು ಬಂತು. ಬಾಯಿ ಮುಚ್ಚಿಕೊಂಡೇ, ಮೂಗಿನಲ್ಲೇ, ಆದರೆ ಒಂದು ಸ್ವರ ಆಚೀಚೆ ಇಲ್ಲದೆ.

ಅತ್ತೆಯ ಕೈಯಿಂದ ಬಳಪ ಬಿತ್ತು. "ಅಜ್ಜಿ, ಈ ಹಾಡು ನಿಮಗೆಂಗ್ ಗೊತ್ತು?"

"ಹಾಡಾ? ಇದು ಹಾಡಲ್ಲ ಕಣವ್ವ. ನಮ್ಮವ್ವ ರಾಗಿ ಬೀಸೋವಾಗ ಹಿಂಗೇ ಹೂಂಗುಟ್ಕೊಂಡು ಕುಂತಿರೋಳು. ಇದಕ್ಕೆ ಮಾತಿಲ್ಲ."

"ಮಾತವೆ ಅಜ್ಜಿ. ನಿಮ್ಮವ್ವಂಗೆ ಯಾವೂರು?"

"ಕುಣಿಗಲ್ ತವರು."

"ಹೆಸರು?"

"ಪಾರ್ವತಮ್ಮ."

ಅತ್ತೆಯ ಮುಖ ಸಣ್ಣದಾಯಿತು. 'ಚ' ಎಲ್ಲಿ ಹೋಯಿತು? ಅಜ್ಜಿ ಮೊರ ಕೆಳಗಿಟ್ಟರು. "ಅದು ನಮ್ಮಪ್ಪನ ಮನೇರು ಇಟ್ಟಿದ್ದು ಕಣವ್ವ. ನಮ್ಮಜ್ಜಿ ಮಾತ್ರ ಚನ್ನಾಜಿ, ಚನ್ನಾಜಿ ಅಂತ ಕರೀತಿತ್ತು. ಚನ್ನಾಜಮ್ಮ ಅಂತ ಹಳೇ ಹೆಸರು."

ಕುಣಿಗಲ್ ಚನ್ನಾಜಮ್ಮ! ಅತ್ತೆ ಬರೆದುಕೊಳ್ಳುವ ಆತುರದಲ್ಲಿ ಎಲ್ಲಿ ಬರೆಯುತ್ತಿದ್ದೇನೆಂದು ನೋಡದೆ ಪೋಲಿಯೋ ರಿಜಿಸ್ಟರಿನಲ್ಲೇ ಬರೆದುಬಿಟ್ಟರು. 'ಮಗುವಿನ ಹೆಸರು' ಎಂಬ ಕಾಲಮ್ಮಿನಲ್ಲಿ! ವಾರದ ನಂತರ ಸೂಪರ್‌ವೈಸರ್ ಶೆಟ್ಟಿಹಳ್ಳಿಗೆ ಹೋಗಿ, ಹನಿ ಹಾಕಿಸಿಕೊಳ್ಳದ ಚನ್ನಾಜಮ್ಮ ಎಂಬ ಕೂಸಿಗಾಗಿ ಅರ್ಧ ದಿನ ಹುಡುಕಾಡಿದರಂತೆ. ಗುರುತು ಸಿಕ್ಕ ಸುದ್ದಿ ಕೇಳಿದ ಮಾವ ಮೊದಲು ತಮ್ಮ ಕಾಲು ನೋಡಿಕೊಂಡರು.

ಹೆಸರು ಸಿಕ್ಕ ಮಾರನೆಯ ದಿನ ಮಧ್ಯಾಹ್ನ ಅತ್ತೆ, ನಾನು, ನನ್ನ ಗಂಡ ಮೂವರೂ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಶೆಟ್ಟಿಹಳ್ಳಿಗೆ ಹೋದೆವು. ಪ್ಲೇಟನ್ನು ಅತ್ತೆ ಎರಡು ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಹಂಪ್ ಬಂದಾಗಲೆಲ್ಲ ಡ್ರೈವರಿಗೆ ಬೈಗುಳ. ಅಜ್ಜಿ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಚಾಪೆ ಹಾಸಿ ಕಾಯುತ್ತಿದ್ದರು. ಬಾಗಿಲು ಮುಂದೆ ಮಾಡಿತ್ತು, ಕಿಟಕಿ ಹಾಕಿತ್ತು. ಪ್ಲೇಟಿನ ಕಥೆಯನ್ನೆಲ್ಲ ಅತ್ತೆ ಹಿಂದಿನ ದಿನವೇ ಹೇಳಿದ್ದರು; ನಾಟಕದ ವಿಷಯ ಅಲ್ಲವೇ, ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅವರ ಕಣ್ಣಲ್ಲಿ ಕಾಣುತ್ತಿತ್ತು. ನನ್ನ ಗಂಡ ಕೀ ಕೊಟ್ಟ. ಅತ್ತೆ ಹೊಸ ಮುಳ್ಳು ಸಿಕ್ಕಿಸಿ, ಉಸಿರು ಬಿಗಿಹಿಡಿದು ಇಳಿಸಿದರು.

ಮೊದಲು ಎಣ್ಣೆಯಲ್ಲಿ ಏನೋ ಕರಿದಂಥ ಸದ್ದು. ಆಮೇಲೆ ಆ ಗಂಟಲು.

ಅಜ್ಜಿ ಅಲುಗಾಡಲಿಲ್ಲ. ಬಾಯಿ ಮಾತ್ರ ಸ್ವಲ್ಪ ತೆರೆದಿತ್ತು. ಹಾಡು ಏರುತ್ತ ಹೋದಂತೆ ಅವರ ಕೈ ತಾನಾಗಿ ಪೆಟ್ಟಿಗೆಯ ಅಂಚು ಹಿಡಿದುಕೊಂಡಿತು. ಕೊನೆಗೆ "ನಾನು ಕುಣಿಗಲ್ ಚ... ಟಕ್... ಮ್ಮ" ಎಂದಿತು. ನಾವು ನಾಲ್ಕೈದು ವರ್ಷ ತಲೆಕೆಡಿಸಿಕೊಂಡ ಜಾಗ. ಅಜ್ಜಿಗೆ ಸೀಳು ಕೇಳಿಸಲೇ ಇಲ್ಲ. "ಚನ್ನಾಜಮ್ಮ ಅಂತ ಸರ್ಯಾಗೇ ಹೇಳ್ತಾವ್ಳಲ್ಲ" ಅಂದರು.

ಅವರು ಅಳುತ್ತಾರೆಂದು ನಾನು ಸೆರಗು ಸಿದ್ಧ ಮಾಡಿಕೊಂಡಿದ್ದೆ. ಅಜ್ಜಿ ನಕ್ಕರು!

"ಕೃಷ್ಣಪರಮಾತ್ಮನ್ನೇ ಹಿಂಗ್ ಬೈತಾವ್ಳಲ್ಲವ್ವ! ನಮ್ಮಪ್ಪಂಗೆ ಒಂದ್ ಮಾತು ಎದುರಾಡ್ದೋಳಲ್ಲ. ಜೋರಾಗ್ ಕೆಮ್ಮಿದ್ರೂ ನಮ್ಮಪ್ಪ ಕಣ್ ಬುಡೋನು. ನಾಟಕದೋಳು ಅಂತ ಯಾರ್ಗೂ ತಿಳೀಬಾರ್ದು ಅಂತ್ಲೇ ಹೆಸರೂ ಬದಲಾಯ್ಸಿದ್ರು ಅನ್ಸುತ್ತೆ. ನನಗೇ ಹೇಳ್ಲಿಲ್ಲ ನೋಡು. ಸಾಯೋಗಂಟ ಗುಸುಗುಸು ಅಂತ್ಲೇ ಮಾತಾಡಿದ್ಲು. ನಾನು ಅವಳ ಧ್ವನಿನೇ ಅಷ್ಟು ಅಂದ್ಕೊಂಡಿದ್ದೆ."

ನಗು ಅಲ್ಲಿಗೆ ನಿಂತಿತು. ಅಜ್ಜಿ ಅತ್ತೆಯ ಕಡೆ ತಿರುಗಿ, ಚಿಕ್ಕ ಹುಡುಗಿಯ ಹಾಗೆ ಕೇಳಿದರು: "ನಮ್ಮವ್ವಂಗೆ ಇಷ್ಟ್ ದೊಡ್ಡ ಗಂಟ್ಲಿತ್ತಾ?"

ಅತ್ತೆ ತಲೆಯಾಡಿಸಿದರು. ಆಮೇಲೆ ಯಾರೂ ಕೇಳದೆಯೇ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ತಂದರು. ಇಳಿಸಬೇಕು, ಅಜ್ಜಿ ಕೈ ಅಡ್ಡ ಹಿಡಿದರು.

"ಸ್ವಲ್ಪ ತಡಿಯವ್ವ."

ಮಂಡಿಗೆ ಕೈಯೂರಿ ಎದ್ದರು. ಒಂದು ಕಿಟಕಿ ತೆಗೆದರು, ಇನ್ನೊಂದನ್ನೂ ತೆಗೆದರು. ಮುಂಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ಪೂರಾ ತೆರೆದು ಹೊಸ್ತಿಲ ಮೇಲೆ ನಿಂತು, "ಈಗ ಹಾಕು" ಅಂದರು.

ಹಾಡು ಬೀದಿಗೆ ಬಿತ್ತು. ಎದುರು ಮನೆಯವರು ಕಾಂಪೌಂಡಿನಿಂದ ಇಣುಕಿದರು. ಸೊಪ್ಪಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದವನು ನಿಂತು ಕಿವಿಗೊಟ್ಟ.

"ಯಾವ್ ಸ್ಟೇಷನ್ನಜ್ಜಿ ಇದು?"

"ಸ್ಟೇಷನ್ನಲ್ಲ ಕಣಪ್ಪ" ಎಂದರು ಅಜ್ಜಿ, ಇಡೀ ಬೀದಿಗೆ ಕೇಳುವ ಹಾಗೆ. "ನಮ್ಮವ್ವ. ಹಾಡ್ತಾವ್ಳೆ."